ಗೊತ್ತಿದ್ದದ್ದನ್ನು ಕೇಳದ ಮನೆ

ಎಟೋಬಿಕೋಕ್
೨೧ ಜುಲೈ ೨೦೨೪, ರವಿವಾರ

ಚಿ. ಪ್ರಮೋದ,

ನಿನ್ನ ಅವ್ವನ ಆಶೀರ್ವಾದ ನಿನಗೆ. ಅದನ್ನೇ ಸೊಸೆ ಕ್ಷಮಾಳಿಗೂ ಮೊಮ್ಮಗ ಚಿರಂತನ್‌ಗೂ ಹಂಚು, ಕಡಿಮೆ ಬೀಳುವುದಿಲ್ಲ.

ನೀನು ಫೋನಿನಲ್ಲಿ ಕೇಳಿದ ಮಾತಿಗೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅವತ್ತೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು “ಹೂಂ ಅವ್ವಾ, ಆತು ಅವ್ವಾ” ಅನ್ನಲು ಶುರು ಮಾಡುತ್ತೀ. ಪತ್ರಕ್ಕೆ ಹಾಗೆ ಅನ್ನಲು ಬರುವುದಿಲ್ಲ. ಟಪಾಲಿಗೆ ಹಾಕುತ್ತೇನೆ ಎಂದಾಗ ಜಯಶೀಲಾ ನಕ್ಕಳು. “ಅವ್ವಾ, ಹೈವೇ ಹತ್ತಿದ್ರ ಥಾರ್ನ್‌ಹಿಲ್ ಅರ್ಧ ತಾಸು. ಅಲ್ಲಿಗೆ ಸ್ಟ್ಯಾಂಪ್ ಹಚ್ಚಿ ಕಳಸ್ತೀಯಾ?” ಅಂದಳು. ಕಳಿಸುತ್ತೇನೆ. ನೀನು ಕನ್ನಡ ಓದುವುದನ್ನು ಮರೆತಿಲ್ಲ ಎಂದು ನಂಬಿದ್ದೇನೆ. ಅಕ್ಷರ ತಿದ್ದಿಸಿದವಳು ನಾನೇ ಆದ್ದರಿಂದ ಅಷ್ಟು ನಂಬಿಕೆ.

ನೀನು ಕೇಳಿದ್ದು: “ಪಕ್ಕದ ಮನಿ ಕೂಸಿನ್ನ ಯಾಕ ನೋಡ್ಕೊಳ್ಳಾಕತ್ತೀ? ರೊಕ್ಕಾ ಬೇಕಂದ್ರ ನನ್ನ ಕೇಳಬಾರದಾ? ಮಂದಿ ಏನಂತಾರ?” ಯಾವ ಮಂದಿ ಎಂದು ನೀನು ಹೇಳಲಿಲ್ಲ. ನಾನು ಯಾರ ಮನೆಯ ಆಳೂ ಅಲ್ಲ, ಯಾರಿಂದಲೂ ಒಂದು ಡಾಲರ್ ಮುಟ್ಟಿಲ್ಲ. ನಾನು ಮಾಡುತ್ತಿರುವ ಕೆಲಸದ ಬಗ್ಗೆ ನನಗೆ ಬಹಳ ಅಭಿಮಾನವಿದೆ. ಯಾಕೆಂದು ಬರೆಯುತ್ತೇನೆ, ಕೂತು ಓದು.

ಪಕ್ಕದ ಮನೆಯವರು ಈ ಕಟ್ಟಡಕ್ಕೆ ಬಂದ ಹೊಸದರಲ್ಲಿ ಒಂದು ಮುಂಜಾನೆ ಅಡಿಗೆಮನೆಯ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಪಟ ಪಟ ಪಟ, ರೊಟ್ಟಿ ತಿರುವುವಾಗ ಒಂದು ಕ್ಷಣ ಬಿಡುವು, ಮತ್ತೆ ಪಟ ಪಟ. ಗದಗಿನವರೋ ರೋಣದವರೋ ಬಂದಿರಬೇಕು, ಅಂತೂ ದೇವರು ನನ್ನ ಕಡೆ ನೋಡಿದ ಅಂದುಕೊಂಡೆ. ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಹೋಗಿ ಬಾಗಿಲು ಬಡಿದೆ. “ಯಾವೂರವ್ವಾ ನಿಮ್ಮದು?” ಎಂದು ಕೇಳಿಯೂ ಬಿಟ್ಟೆ. ಬಾಗಿಲಲ್ಲಿ ನಿಂತಿದ್ದವಳು ದಪ್ಪ ಜಡೆಯ, ಕುಳ್ಳಗಿನ ಹೆಂಗಸು. ಕೈತುಂಬ ಹಿಟ್ಟು. ಅವಳ ಹಿಂದಿನಿಂದ ಒಂದು ಪುಟ್ಟ ಹುಡುಗಿ ಮುಂದೆ ಬಂದು, ನೆಟ್ಟಗೆ ನಿಂತು, ನನಗೆ ಏನೋ ವಂದನೆ ಹೇಳಿ ತಾಯಿಯ ಪಕ್ಕ ಸರಿದು ನಿಂತಿತು.

ಗ್ವಾಟೆಮಾಲಾ ಎಂಬ ದೇಶದವರು. ಮೆಕ್ಸಿಕೋದ ಕೆಳಗಿದೆಯಂತೆ, ಆಡುವುದು ಸ್ಪ್ಯಾನಿಷ್. ನಮ್ಮದು ಬಿಳಿಜೋಳ, ಅವರದು ಮೆಕ್ಕೆಜೋಳ, ಆ ರೊಟ್ಟಿಗೆ ಟೋರ್ಟಿಯಾ ಅನ್ನುತ್ತಾರೆ. ನಾವು ಮರದ ಕೊಣಮಿಗೆಯಲ್ಲಿ ಇಟ್ಟು ಬಡಿಯುತ್ತೇವೆ, ಅವಳು ಎರಡು ಅಂಗೈಗಳ ನಡುವೆ ಗಾಳಿಯಲ್ಲೇ ಬಡಿಯುತ್ತಾಳೆ. ಸದ್ದು ಮಾತ್ರ ಅದೇ. ಅವಳ ಹೆಸರು ಮಾರಿಬೆಲ್. ಗಂಡ ವಿಲ್ಮರ್, ಮನೆಗಳ ಛಾವಣಿ ಹಾಕುವ ಕೆಲಸ. ಹುಡುಗಿ ಡುಲ್ಸೆ, ಸಿಹಿ ಎಂದು ಅರ್ಥವಂತೆ. ನಾನು ಸಕ್ಕರವ್ವ ಅನ್ನುತ್ತೇನೆ, ಓಡಿ ಬರುತ್ತದೆ. ನಾಲ್ಕು ವರ್ಷ ತುಂಬಲು ಬಂದಿದೆ, ಸೆಪ್ಟೆಂಬರಿನಲ್ಲಿ ಸಾಲೆಗೆ ಹೋಗಬೇಕು.

ಮಾರಿಬೆಲ್ ಸಂಜೆ ಆಫೀಸುಗಳನ್ನು ಸ್ವಚ್ಛ ಮಾಡಲು ಹೋಗುತ್ತಾಳೆ. ಅವಳು ಹೋದ ಮೇಲೆ ವಿಲ್ಮರ್ ಬರುವ ತನಕ ಹುಡುಗಿ ನನ್ನ ಹತ್ತಿರ. ಇದನ್ನು ಅವರು ಕೇಳಲಿಲ್ಲ, ನಾನೇ ಹೇಳಿದೆ. ಬದಲಿಗೆ ರವಿವಾರ ನನಗೆ ತಮಾಲೆ ಬರುತ್ತದೆ. ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡಬಿನಂಥದ್ದು. ಅವರು ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆ. ನನಗೆಂದು ಬೇರೆ ಪಾತ್ರೆ ತಂದು, ಎಣ್ಣೆ ಹಾಕಿ, ಅವರೆಕಾಳಿನಂಥ ಕಪ್ಪು ಕಾಳು ತುಂಬಿ ಮಾಡುತ್ತಾಳೆ. ಆ ಪಾತ್ರೆಯನ್ನು ಅವರ ಮನೆಯಲ್ಲಿ ಬೇರೆ ಯಾತಕ್ಕೂ ಬಳಸುವುದಿಲ್ಲ. ನಮ್ಮವರ ಮನೆಗಳಲ್ಲೂ ಇಷ್ಟು ಮಡಿ ನಾನು ಕಂಡಿಲ್ಲ. ಅವಳ ಇಂಗ್ಲಿಷು ನನ್ನ ಇಂಗ್ಲಿಷು ಕೂಡಿಸಿದರೂ ಒಬ್ಬ ಮನುಷ್ಯನಿಗೆ ಸಾಲದು. ಆದರೂ ನಮ್ಮ ಮಾತು ಇಲ್ಲಿಯವರೆಗೆ ನಿಂತಿಲ್ಲ.

ಅವರ ಮನೆಯಲ್ಲಿ ಮಕ್ಕಳ ಪುಸ್ತಕ ಇಲ್ಲ. ಮೊದಲು ನಾನೂ ಅದನ್ನು ನೋಡಿ ಮನಸ್ಸಿನಲ್ಲೇ ಬೈದಿದ್ದೆ. ಆಮೇಲೆ ಕೂತು ನೋಡುತ್ತ ಹೋದೆ. ಮಾರಿಬೆಲ್ ರೊಟ್ಟಿ ಮಾಡುವಾಗ ಹುಡುಗಿಗೂ ಒಂದು ಉಂಡೆ. ಕಾಳು ಆರಿಸುವಾಗ ಮುರಿದದ್ದು ಅತ್ತ, ಇಡಿಯದು ಇತ್ತ, ಹುಡುಗಿಯದೇ ಜವಾಬ್ದಾರಿ. ಕೆಳಗೆ ಬಟ್ಟೆ ಒಗೆಯುವ ಕೋಣೆಗೆ ಹೋದರೆ ಕಾಲುಚೀಲದ ಜೋಡಿ ಹುಡುಕುವವಳು ಅವಳು. ಲಿಫ್ಟಿನ ಗುಂಡಿ ಒತ್ತುವವಳೂ ಅವಳು. ಇಷ್ಟೆಲ್ಲ ಮಾಡುವಾಗ ತಾಯಿಯ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಶಬ್ದ ತಿಳಿಯದಿದ್ದರೂ ಅವಳ ಕೈಸನ್ನೆ ನೋಡಿದರೆ ನನಗೆ ವಿಷಯ ತಿಳಿಯುತ್ತದೆ. ತನ್ನೂರಿನ ಬೆಂಕಿ ಉಗುಳುವ ಗುಡ್ಡದ ಕಥೆ, ಅತ್ತೆಯ ಕೋಳಿಯ ಕಥೆ, ಚಪ್ಪಾಳೆಯ ಹಾಡು. ರವಿವಾರ ಊರಿನ ಅಜ್ಜಿಗೆ ಫೋನು ಹಚ್ಚಿದರೆ ಹುಡುಗಿ ನೆಟ್ಟಗೆ ನಿಂತು ವಾರದ ಸುದ್ದಿಯನ್ನೆಲ್ಲ ತಾನೇ ಹೇಳಬೇಕು, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ದೊಡ್ಡವರು ಬಂದರೆ ಎದ್ದು ನಿಲ್ಲಬೇಕು. ದೊಡ್ಡವರ ಮಾತು ಮುಗಿಯುವ ತನಕ ಕಾಯಬೇಕು. ನಾಲ್ಕು ಮಂದಿಯ ಎದುರು ಹಿರಿಯರ ತಪ್ಪು ಎತ್ತಿ ಆಡಬಾರದು. ಇದೆಲ್ಲ ಕಲಿತ ಮೇಲೆ ಅಕ್ಷರ ತಾನೇ ಬರುತ್ತದೆ ಎಂದು ಮಾರಿಬೆಲ್‌ಳ ಲೆಕ್ಕ. ನನಗೆ ಆ ಲೆಕ್ಕ ಒಪ್ಪಿಗೆಯಾಯಿತು. ನಿಮ್ಮಿಬ್ಬರನ್ನು ನಾನು ಬೆಳೆಸಿದ್ದೂ ಅದೇ ದಾರಿಯಲ್ಲಿ, ಮಗ್ಗಿಯೊಂದನ್ನು ಮಾತ್ರ ಜಾಸ್ತಿ ಮಾಡಿಸಿದೆ.

ಏಪ್ರಿಲ್ ತಿಂಗಳಲ್ಲಿ ತೊಂದರೆ ಬಂತು. ಹತ್ತಿರದ ಕಮ್ಯೂನಿಟಿ ಸೆಂಟರಿನಲ್ಲಿ ಸಣ್ಣ ಮಕ್ಕಳ ಆಟದ ಗುಂಪು ಇದೆ. ಅಲ್ಲಿಯ ಟೀಚರ್ ಮಿಸ್ ಕ್ಯಾರಲ್, ವಯಸ್ಸಾದವರು, ಸಮಾಧಾನದ ಹೆಂಗಸು. ಸಾಲೆಗೆ ಹೋಗಲಿರುವ ಮಕ್ಕಳನ್ನೆಲ್ಲ, ಉಳಿದವರ ಎದುರಿನಲ್ಲೇ, ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ಚಿತ್ರದ ಕಾರ್ಡು ತೋರಿಸಿ ಕೇಳಿದರಂತೆ. ಇದು ಏನು, ಇದು ಯಾವ ಬಣ್ಣ, ಇಲ್ಲಿ ಎಷ್ಟು ಬಾತುಕೋಳಿ ಇವೆ. ಡುಲ್ಸೆ ಒಂದಕ್ಕೂ ಬಾಯಿ ಬಿಡಲಿಲ್ಲ. ಸ್ಪ್ಯಾನಿಷ್‌ನಲ್ಲಿ ಹೇಳಿದರೂ ಆದೀತು ಎಂದರಂತೆ, ಅದಕ್ಕೂ ಇಲ್ಲ. ಮಾತು ಹಿಂದೆ ಬಿದ್ದಿರಬಹುದು, ಜೂನ್‌ನಲ್ಲಿ ಇನ್ನೊಮ್ಮೆ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಮಾತಿನ ಡಾಕ್ಟರಿಗೆ ತೋರಿಸೋಣ ಎಂದು ಮಿಸ್ ಕ್ಯಾರಲ್ ಹೇಳಿ ಕಳಿಸಿದರು.

ವಿಲ್ಮರ್ ಅವತ್ತೇ ಒಂದು ನೇಮ ಮಾಡಿದ. ಇನ್ನು ಮನೆಯಲ್ಲಿ ಮಗಳ ಮುಂದೆ ಇಂಗ್ಲಿಷ್ ಮಾತ್ರ. ಅವನನ್ನು ನಾನು ಬೈಯುವುದಿಲ್ಲ. ಮಗಳು ಹಿಂದೆ ಉಳಿಯುತ್ತಾಳೆ ಎಂದು ಹೆದರಿದ ತಂದೆಗೆ ಕೈಗೆ ಸಿಕ್ಕದ್ದೇ ಔಷಧಿ. ಆದರೆ ಮಾರಿಬೆಲ್‌ಗೆ ಬರುವ ಇಂಗ್ಲಿಷ್ ಎಷ್ಟು? ಕಮ್, ಈಟ್, ಶೂಸ್, ನೋ. ಅಷ್ಟರಲ್ಲಿ ಗುಡ್ಡದ ಕಥೆ ಹೇಳಲು ಬರುತ್ತದೆಯೇ? ಅತ್ತೆಯ ಕೋಳಿ ಏನು ಮಾಡಿತು ಎಂದು ಹೇಳಲು ಬರುತ್ತದೆಯೇ?

ಗೋಡೆಯ ಆಚೆ ಪಟ ಪಟ ಸದ್ದು ಮಾತ್ರ ಉಳಿಯಿತು. ಅದರ ಮೇಲೆ ತೇಲುತ್ತಿದ್ದ ಮಾತು ನಿಂತುಹೋಯಿತು. ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಆ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ನನ್ನ ಮನೆಗೆ ಬಂದಾಗ ಮಾತ್ರ ಬಾಯಿ ಬಿಡುತ್ತಿತ್ತು, ಅದೂ ಕನ್ನಡದಲ್ಲಿ. “ಅಜ್ಜೀ, ನೀರು ಕೊಡು.” “ಅಜ್ಜೀ, ಬಾಗ್ಲಾ ಹಾಕು.” ವಿಲ್ಮರನ ನೇಮ ನನ್ನ ಹೊಸ್ತಿಲಿನವರೆಗೆ ಮಾತ್ರ ಇತ್ತಲ್ಲ. ಜಯಶೀಲಾ ಕೆಲಸದಿಂದ ಬಂದವಳು ಕೇಳಿಸಿಕೊಂಡು, “ಅವ್ವಾ, ಈ ಹುಡುಗಿ ಧಾರವಾಡದಾಗ ಹುಟ್ಟಬೇಕಾಗಿತ್ತು, ವಿಮಾನ ತಪ್ಪಿ ಇಲ್ಲಿ ಇಳದೈತಿ” ಅಂದಳು.

ನಾನು ಸುಮ್ಮನೆ ಕೂಡುವವಳಲ್ಲ ಎಂದು ನಿನಗೆ ಗೊತ್ತು. ಹತ್ತನೆಯ ಇಯತ್ತೆಯನ್ನು ಮೊದಲ ದರ್ಜೆಯಲ್ಲಿ ಪಾಸಾದವಳು, ನಿಮ್ಮಿಬ್ಬರನ್ನು ಓದಿಸಿದವಳು. ಜೂನ್ ಬರುವುದರೊಳಗೆ ಈ ಕೂಸನ್ನು ತಯಾರು ಮಾಡುತ್ತೇನೆ ಎಂದುಕೊಂಡೆ. ಡಾಲರ್ ಅಂಗಡಿಯಿಂದ ಅಕ್ಷರ ಬರೆಯುವ ಪಾಟಿ ತಂದೆ. ಕಾಯಿಪಲ್ಯೆಯ ಬುಟ್ಟಿ ಮುಂದಿಟ್ಟುಕೊಂಡು ಕೂತು, ಟೊಮೆಟೊ ಎತ್ತಿ ಹಿಡಿದು ಕೇಳಿದೆ, “ಸಕ್ಕರವ್ವಾ, ಇದು ಯಾವ ಬಣ್ಣ?” ನನ್ನ ಮುಖ ನೋಡಿದಳು, ಟೊಮೆಟೊ ನೋಡಿದಳು, ಮಾತಿಲ್ಲ. ಬದನೆಕಾಯಿ ತೋರಿಸಿದೆ, ಮೆಣಸಿನಕಾಯಿ ತೋರಿಸಿದೆ. ಇಲ್ಲ. ಮರುದಿನ ಮತ್ತೆ ಅದೇ. ಅವಳ ಕಣ್ಣಲ್ಲಿ ಹೆದರಿಕೆ ಇರಲಿಲ್ಲ, ಅದು ನನಗೆ ವಿಚಿತ್ರ ಅನ್ನಿಸಿತು. ನನ್ನ ಮೇಲೆ ಕರುಣೆ ಇದ್ದ ಹಾಗೆ ಕಂಡಿತು.

ಅದಾದ ಮೇಲೆ ಅವಳ ನಡವಳಿಕೆ ಬದಲಾಯಿತು. ನಾನು ಎದ್ದರೆ ಓಡಿ ಬಂದು ಕೈ ಹಿಡಿಯುತ್ತಿದ್ದಳು. ಮೇಜಿನ ಹತ್ತಿರ ಹೋದರೆ “ಅಜ್ಜೀ, ಮೇಸಾ” ಎಂದು ಮೇಜನ್ನು ತಟ್ಟಿ ತೋರಿಸುತ್ತಿದ್ದಳು. ಕೆಳಗೆ ಇಳಿಯುವಾಗ ಲಿಫ್ಟಿನ ಬಾಗಿಲಲ್ಲಿ ನಿಲ್ಲಿಸಿ ನನ್ನ ಕಾಲನ್ನು ತಾನೇ ಎತ್ತಿ ಇಡಲು ನೋಡಿದಳು. ವಯಸ್ಸಾದವರಿಗೆ ಎಷ್ಟು ಕಾಳಜಿ ಮಾಡುತ್ತದಲ್ಲ ಈ ಕೂಸು ಎಂದು ನಾನು ಉಬ್ಬಿಹೋಗಿದ್ದೆ.

ಒಂದು ದಿನ ಮಾರಿಬೆಲ್ ಬಾಗಿಲಲ್ಲಿ ಬಂದು ನಿಂತಳು. ನಗು ಬರುತ್ತಿದೆ, ನಾಚಿಕೆಯೂ ಆಗುತ್ತಿದೆ, ಎರಡನ್ನೂ ತಡೆದುಕೊಂಡು ತನ್ನ ಕಣ್ಣು ಮುಟ್ಟಿ, ನನ್ನ ಕಣ್ಣಿನ ಕಡೆ ಬೊಟ್ಟು ಮಾಡಿ, “ಯುವರ್ ಐಸ್, ಓಕೆ?” ಎಂದು ಕೇಳಿದಳು. ಚೆನ್ನಾಗಿವೆ, ಸೂಜಿಗೆ ದಾರ ನಾನೇ ಪೋಣಿಸುತ್ತೇನೆ ಎಂದು ಸನ್ನೆ ಮಾಡಿ ತೋರಿಸಿದೆ. ಆಗ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಅರ್ಧ ಸನ್ನೆಯಲ್ಲಿ, ಅರ್ಧ ಮುರುಕು ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಳು. ಡುಲ್ಸೆ ತಾಯಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದಾಳೆ: ಪಾಪ, ಅಜ್ಜಿಗೆ ಕಣ್ಣು ಹೋಗಿವೆ, ಟೊಮೆಟೊ ಕೆಂಪಗಿದೆ ಎಂದು ಕೂಡ ಗೊತ್ತಾಗುವುದಿಲ್ಲ, ದಿನಾ ನನ್ನನ್ನು ಕೇಳುತ್ತಾಳೆ. ನಾನು ಹೇಳಿದರೆ ಅವಳಿಗೆ ದುಃಖವಾಗುತ್ತದೆ, ಅದಕ್ಕೇ ಹೇಳುವುದಿಲ್ಲ.

ನಾನು ನಕ್ಕು ನಕ್ಕು ಕುರ್ಚಿಯಲ್ಲಿ ಕೂತೆ. ಕೂತ ಮೇಲೆ ನಗು ನಿಂತಿತು. ಆ ಮನೆಯಲ್ಲಿ ಕೂತು ಅಷ್ಟು ದಿನ ಕೇಳಿಸಿಕೊಂಡಿದ್ದೆನಲ್ಲ, ಅದನ್ನೆಲ್ಲ ನೆನಪು ಮಾಡಿಕೊಂಡೆ. ಮಾರಿಬೆಲ್ ಮಗಳನ್ನು ಕೇಳುವುದು: ಮುಚ್ಚಳ ಎಲ್ಲಿಟ್ಟೆ, ಅಪ್ಪನ ಬೂಟು ಒಣಗಿದೆಯಾ, ಉಪ್ಪು ಸಾಕಾಗಿದೆಯಾ ನೋಡು. ತನಗೆ ಗೊತ್ತಿಲ್ಲದ್ದನ್ನೇ ಕೇಳುತ್ತಾಳೆ, ಉತ್ತರ ಬಂದ ಹಾಗೆ ನಡೆಯುತ್ತಾಳೆ. ಮುಂದಿರುವ ಟೊಮೆಟೊ ಹಿಡಿದು ಇದು ಯಾವ ಬಣ್ಣ ಎಂದು ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಹಾಗಾದರೆ ಕನ್ನಡಕ ಹಾಕಿದ, ತಲೆ ಬೆಳ್ಳಗಾದ ಮಿಸ್ ಕ್ಯಾರಲ್ ಸೇಬುಹಣ್ಣಿನ ಚಿತ್ರ ಹಿಡಿದು ಕೇಳಿದಾಗ ಈ ಹುಡುಗಿ ಏನು ತಿಳಿಯಬೇಕು? ಪಾಪ, ಇವರಿಗೂ ಕಾಣುವುದಿಲ್ಲ. ಅಷ್ಟು ಮಕ್ಕಳ ಎದುರು ಹಿರಿಯರ ಮರ್ಯಾದೆ ಕಳೆಯಬಾರದು ಎಂದು ಬಾಯಿ ಮುಚ್ಚಿಕೊಂಡು ಕೂತಿದೆ. ಪ್ರಮೋದ, ಸತ್ಯ ಹೇಳುತ್ತೇನೆ, ಇಂಥ ಬುದ್ಧಿ ಇಂಥ ವಯಸ್ಸಿನಲ್ಲಿ ನಿನಗೂ ಇರಲಿಲ್ಲ. ನೀನು ನಿನ್ನ ಸೋದರಮಾವನ ಸುಳ್ಳುಗಳನ್ನು ಪಂಕ್ತಿಯಲ್ಲೇ ಎತ್ತಿ ಹೇಳುತ್ತಿದ್ದೆ.

ಜೂನ್‌ನಲ್ಲಿ ಮಾರಿಬೆಲ್ ಜೊತೆ ನಾನೂ ಹೋದೆ. ಇಳಕಲ್ ಸೀರೆ ಉಟ್ಟೆ. ಇಂಗ್ಲಿಷಿಗೆ ಬೇಕೆಂದು ಜಯಶೀಲಾಳ ರಜಾ ದಿನವನ್ನೇ ಗೊತ್ತು ಮಾಡಿಸಿಕೊಂಡಿದ್ದೆ. ವಿಲ್ಮರ್‌ಗೆ ಬಿಡುವು ಸಿಗಲಿಲ್ಲ. ಮಾರಿಬೆಲ್ ದಾರಿಯುದ್ದಕ್ಕೂ ಮಗಳ ಕೂದಲು ತಿದ್ದುತ್ತಿದ್ದಳು. ಮಗಳನ್ನು ಹಿಂದುಳಿದವಳೆಂದು ಬರೆದುಬಿಟ್ಟರೆ ಅದು ಸಾಲೆಯ ಉದ್ದಕ್ಕೂ ಬೆನ್ನು ಬಿಡುವುದಿಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರು.

ಮಿಸ್ ಕ್ಯಾರಲ್ ನಗುತ್ತ ಕಾರ್ಡಿನ ಕಟ್ಟು ತೆಗೆದರು. ಮೊದಲನೆಯದು ಅದೇ ಸೇಬುಹಣ್ಣು. ಡುಲ್ಸೆ ತಲೆ ತಗ್ಗಿಸಿದಳು. ನಾನು ಜಯಶೀಲಾಳಿಗೆ ಹೇಳಿದೆ, ಅವರಿಗೆ ಹೇಳು, ಗೊತ್ತಿದ್ದದ್ದನ್ನು ಕೇಳಬೇಡಿ ಅನ್ನು. ಇವಳು ನನ್ನ ಸೆರಗು ಜಗ್ಗಿ, “ಅವ್ವಾ, ಅವರು ಟೀಚರು. ಅವರಿಗೆ ಹಿಂಗ ಕೇಳ್ರಿ ಅಂತ ನಾ ಹೆಂಗ ಹೇಳ್ಲಿ? ಸುಮ್ನ ಕೂಡು” ಅಂದಳು. ಹಿರಿಯರಿಗೆ ಎದುರಾಡದ ಹಾಗೆ ನಾನೇ ಬೆಳೆಸಿದ ಮಗಳು, ಬೈಯುವುದಾದರೂ ಹೇಗೆ? ಪರರ ಮುಂದೆ ಮುರುಕು ಇಂಗ್ಲಿಷ್ ಆಡಲು ನನಗೆ ನಾಚಿಕೆಯಿಲ್ಲ. ನಾನೇ ಮುಂದೆ ಬಾಗಿ ಹೇಳಿದೆ.

“ಮೇಡಂ. ಆಪಲ್, ಯು ನೋ. ಶೀ ಥಿಂಕ್, ಯು ನಾಟ್ ನೋ. ಶೀ ಸ್ಯಾಡ್ ಫಾರ್ ಯು. ಯು ಆಸ್ಕ್, ವಾಟ್ ಯು ನಾಟ್ ನೋ.”

ಜಯಶೀಲಾ ನೆಲ ನೋಡುತ್ತಿದ್ದಳು. ಆಮೇಲೆ ಟೊಮೆಟೊದ ಕಥೆಯನ್ನು ಅವಳೇ ಸರಿಯಾಗಿ ಬಿಡಿಸಿ ಹೇಳಿದಳು. ಮಿಸ್ ಕ್ಯಾರಲ್ ದೊಡ್ಡ ಮನಸ್ಸಿನವರು, ಸಿಟ್ಟಾಗಲಿಲ್ಲ. ಕಾರ್ಡು ಕೆಳಗಿಟ್ಟು, ತಮ್ಮ ಎರಡೂ ಅಂಗೈ ಚಾಚಿ ಡುಲ್ಸೆಯನ್ನು ಕೇಳಿದರು: ನಾನು ಒಮ್ಮೆ ಮನೆಯಲ್ಲಿ ಟೋರ್ಟಿಯಾ ಮಾಡಲು ಹೋದೆ, ಹಿಟ್ಟೆಲ್ಲ ಕೈಗೆ ಅಂಟಿಕೊಂಡಿತು, ಯಾಕೆಂದು ನನಗೆ ನಿಜವಾಗಿಯೂ ಗೊತ್ತಿಲ್ಲ, ನಿನಗೆ ಗೊತ್ತಾ?

ಹುಡುಗಿ ಆ ಕೈಗಳನ್ನು ನೋಡಿದಳು, ತಾಯಿಯ ಕಡೆ ತಿರುಗಿದಳು. ಅಪ್ಪಣೆ ಬೇಕಿತ್ತು. ಆ ಅಪ್ಪಣೆಯನ್ನು ಇಂಗ್ಲಿಷಿನಲ್ಲಿ ಕೊಡಲು ಮಾರಿಬೆಲ್‌ಗೆ ಬರುವುದಿಲ್ಲ. ಗಂಡನ ನೇಮ ಒಂದು ಕಡೆ, ಕಾಯುತ್ತಿರುವ ಕೂಸು ಒಂದು ಕಡೆ. ಕೊನೆಗೆ ಸ್ಪ್ಯಾನಿಷ್‌ನಲ್ಲೇ ಹೇಳಿದಳು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ಏನು ಹೇಳಿದಳೆಂದು ತಿಳಿಯಿತು. ಹೇಳು ಮಗಳೇ, ಅವರು ತಿಳಿಯದೆ ಕೇಳುತ್ತಿದ್ದಾರೆ.

ಆಮೇಲೆ ಹುಡುಗಿಯನ್ನು ನಿಲ್ಲಿಸುವವರೇ ಇರಲಿಲ್ಲ. ಎದ್ದು ಹೋಗಿ ಮಿಸ್ ಕ್ಯಾರಲ್ ಅವರ ಕೈ ಹಿಡಿದು ಒಂದರ ಮೇಲೊಂದು ತಿರುವಿ ತೋರಿಸಿದಳು. ಅರ್ಧ ಸ್ಪ್ಯಾನಿಷ್, ಕಾಲು ಇಂಗ್ಲಿಷ್, ನಡುವೆ “ನೀರು ಹಚ್ಚು, ನೀರು ಹಚ್ಚು” ಎಂದು ನನ್ನ ಕನ್ನಡ. ಅದು ಯಾವ ಭಾಷೆ ಎಂದು ಅವರು ಕೇಳಿದರು. ನೆಲ ನೋಡುತ್ತಿದ್ದ ಜಯಶೀಲಾ ಈಗ ಎದೆ ಸೆಟೆಸಿ ಕನ್ನಡ ಎಂದಳು. ಡುಲ್ಸೆಯ ಮಾತು ಹಿಟ್ಟಿನಿಂದ ಮೆಕ್ಕೆಜೋಳಕ್ಕೆ ಹೋಯಿತು. ಹಳದಿ ಜೋಳ, ಕಪ್ಪು ಜೋಳ, ಊರಿನ ಅಜ್ಜಿಯ ಹೊಲದಲ್ಲಿ ಇನ್ನೊಂದು ಬಗೆಯದು ಇದೆಯಂತೆ. ಕೆಳಗಿಟ್ಟ ಕಾರ್ಡನ್ನು ತಾನೇ ಎತ್ತಿ, ಸೇಬುಹಣ್ಣಿನ ಮೇಲೆ ಬೊಟ್ಟಿಟ್ಟು, “ಲೈಕ್ ದಿಸ್, ರೆಡ್” ಅಂದಳು. ಮಿಸ್ ಕ್ಯಾರಲ್ ಕನ್ನಡಕ ತೆಗೆದು ಒರೆಸಿಕೊಂಡರು.

ಮಾತಿನ ಡಾಕ್ಟರು ಬೇಡ ಎಂದರು. ಏಪ್ರಿಲ್‌ನಲ್ಲಿ ತಾವು ಅವಸರ ಮಾಡಿದ್ದಾಗಿಯೂ ಹೇಳಿದರು, ಹಾಗೆ ಹೇಳುವವರು ಎಷ್ಟು ಮಂದಿ ಇದ್ದಾರೆ? ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ, ಮೊದಲು ಮಾಡುತ್ತಿದ್ದದ್ದನ್ನೆಲ್ಲ ಹಾಗೇ ಮಾಡಿ, ಇಂಗ್ಲಿಷು ಸಾಲೆಯಲ್ಲಿ ತಾನಾಗಿ ಬರುತ್ತದೆ ಎಂದು ಮಾರಿಬೆಲ್‌ಗೆ ಹೇಳಿದರು. ಗಂಡ ನಂಬುವುದಿಲ್ಲ ಎಂದು ಅವಳು ಅಂಜಿದಾಗ, ತಾವೇ ವಿಲ್ಮರ್‌ಗೆ ಫೋನು ಮಾಡಿ ಹೇಳುವುದಾಗಿ ಒಪ್ಪಿಕೊಂಡರು, ಮಾಡಿದರು ಕೂಡ. ಬಸ್ಸಿನಲ್ಲಿ ಬರುವಾಗ ಮಾರಿಬೆಲ್ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಡುಲ್ಸೆ ನನ್ನ ತೊಡೆಯ ಮೇಲೆ ಕೂತಿತ್ತು, ಇಳಿಯುವಾಗ ಬಸ್ಸಿನ ಮೆಟ್ಟಿಲಲ್ಲಿ ಇನ್ನೂ ನನ್ನ ಕಾಲನ್ನೇ ನೋಡುತ್ತಿತ್ತು. ಕಣ್ಣು ಚೆನ್ನಾಗಿವೆ ಎಂದು ಹೇಳಿ ಮುಗಿದಿದೆ, ನಂಬುವುದಿಲ್ಲ.

ಈಗ ನಾನು ಇದನ್ನು ಬರೆಯುವಾಗ ಗೋಡೆಯ ಆಚೆ ಗದ್ದಲವೋ ಗದ್ದಲ. ಕೋಳಿಯ ಕಥೆ ನಡೆದಿರಬೇಕು, ಹುಡುಗಿ ಕೊಕ್ಕೊಕ್ಕೋ ಅನ್ನುತ್ತಿದ್ದಾಳೆ. ವಿಲ್ಮರನೂ ನಗುತ್ತಿದ್ದಾನೆ.

ಮಂದಿ ಕೇಳಿದರೆ ನನ್ನ ಅವ್ವ ಒಂದು ಕೂಸನ್ನು ಸಾಲೆಗೆ ತಯಾರು ಮಾಡಿದಳು ಎಂದು ತಲೆ ಎತ್ತಿ ಹೇಳು. ಸೆಪ್ಟೆಂಬರಿನಲ್ಲಿ ಅವಳು ಸಾಲೆಗೆ ಹೋಗುವ ಮೊದಲ ದಿನ ನಾನೂ ಗೇಟಿನ ತನಕ ಹೋಗಬೇಕೆಂದು ಮಾರಿಬೆಲ್ ಕೇಳಿದ್ದಾಳೆ. ಅದಕ್ಕೇ, ನೀವು ಕರೆದಿದ್ದರೂ, ಆ ವಾರ ನಿಮ್ಮ ಮನೆಗೆ ಬರಲಾರೆ. ಕ್ಷಮಾ ಬೇಸರ ಮಾಡಿಕೊಳ್ಳದಿರಲಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆ ತುಂಬ ಉಣ್ಣು, ಕಾರನ್ನು ಜೋರಾಗಿ ಓಡಿಸಬೇಡ. ನಿನ್ನ ಮನೆಯಲ್ಲಿ ಯಾವಾಗಲೂ ನಗು ಇರಲಿ, ಮಾತು ಇರಲಿ ಎಂದು ಹರಸುವ,

ನಿನ್ನ ಅವ್ವ
ನೀಲಾಂಬಿಕಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮೇ ತಿಂಗಳಲ್ಲಿ ನೀವು ಮೂವರೂ ಬಸವ ಜಯಂತಿಗೆ ಇಲ್ಲಿ ಬಂದಾಗ ಡುಲ್ಸೆ ನನ್ನ ತೊಡೆ ಬಿಟ್ಟು ಇಳಿಯಲಿಲ್ಲ, ನಾನು ಅವಳಿಗೆ ಹೋಳಿಗೆ ತಿನ್ನಿಸುತ್ತ ಏನೇನೋ ಹರಟುತ್ತಿದ್ದೆ. ಚಿರಂತನ್ ಎದುರಿನ ಸೋಫಾದಲ್ಲಿ ಕೂತು ನೋಡುತ್ತಿದ್ದ. ಜಯಶೀಲಾ ಅವನನ್ನು ಲಿಫ್ಟಿನಲ್ಲಿ ಕೆಳಗೆ ಕರೆದುಕೊಂಡು ಹೋಗುವಾಗ ಇಂಗ್ಲಿಷಿನಲ್ಲಿ ಕೇಳಿದನಂತೆ, “ಅಜ್ಜಿ ಆ ಹುಡುಗಿಯ ಜೊತೆ ಅಷ್ಟು ಮಾತಾಡುತ್ತಾಳೆ, ನನ್ನ ಜೊತೆ ಯಾಕೆ ಮಾತಾಡುವುದಿಲ್ಲ?” ಅವನು ಎರಡು ವರ್ಷದವನಿದ್ದಾಗ ನಿನ್ನ ಅಡಿಗೆಮನೆಯಲ್ಲಿ ನಿಂತು ನೀನು ನನಗೆ ಹೇಳಿದ್ದೆ, “ಅವ್ವಾ, ಅಂವಗ ಕನ್‌ಫ್ಯೂಸ್ ಆಗ್ತದ. ಅವನ ಮುಂದ ಕನ್ನಡ ಬ್ಯಾಡ.” ಮನೆ ನಿನ್ನದು, ಮಗ ನಿನ್ನವ, ನೇಮವೂ ನಿನ್ನದು. ಪರರ ಮುಂದೆ ಆಡುವ ಮುರುಕು ಇಂಗ್ಲಿಷನ್ನು ನನ್ನ ಮೊಮ್ಮಗನ ಮುಂದೆ ಆಡಿ ಅವನ ಕಣ್ಣಲ್ಲಿ ಸಣ್ಣವಳಾಗಲು ನನ್ನಿಂದ ಆಗಲಿಲ್ಲ. ಸುಮ್ಮನಾದೆ. ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬರೀ ಬೆನ್ನು ಸವರಿದ್ದೇನೆ. ಜಯಶೀಲಾ ಅವನಿಗೆ ಏನೂ ಹೇಳಲಿಲ್ಲ. ನಾನೂ ಹೇಳುವುದಿಲ್ಲ. ಕೂಸು ಕೇಳಿದೆ, ಕಾಯುತ್ತಿದೆ. ಉತ್ತರ ನೀನು ಹೇಳು.